ಕೆನಡಾದ ಸಸ್ಕ್ಯಾಚೆವಾನ್‌ನಲ್ಲಿ 'ಆರ್‌ಎಂ' ಅಂದ್ರೆ ನಮ್ ಗ್ರಾಮ ಪಂಚಾಯ್ತಿ ಥರಾನಾ? ಅಲ್ಲಿ ಮನೆ ತಗೊಂಡವ್ರು ಯಾರಾದ್ರೂ ಇದೀರಾ

ಹಾಸನದ_ಹೈದ:
ಎಲ್ರಿಗೂ ನಮಸ್ಕಾರ, ಸ್ವಿಫ್ಟ್ ಕರೆಂಟ್ ಅನ್ನೋ ಊರಿಗೆ ಬಂದು 8 ತಿಂಗಳಾಯ್ತು, ಪಿಆರ್ (ಇಲ್ಲೇ ಕಾಯಂ ಇರೋ ಪರ್ಮಿಟ್) ಇದೆ. ಇಲ್ಲಿಂದ ದಕ್ಷಿಣಕ್ಕೆ ಮ್ಯಾಂಕೋಟ ಕಡೆ ಹಳೇ ಫಾರ್ಮ್ ಮನೆ ಒಂದು ಸೇಲ್‌ಗಿದೆ, ಜೊತೆಗೆ 10 ಎಕ್ರೆ, ರೇಟ್ ನೋಡಿದ್ರೆ ಹಾಸನದಲ್ಲಿ 30x40 ಸೈಟ್ ಕೂಡ ಬರಲ್ಲ ಆ ದುಡ್ಡಿಗೆ. ಅಡ್ರೆಸ್ ಜಾಗದಲ್ಲಿ ಬೀದಿ ಹೆಸ್ರೇ ಇಲ್ಲ, 'ಆರ್‌ಎಂ ಆಫ್ ಗ್ಲೆನ್ ಮೆಕ್‌ಫರ್ಸನ್ ನಂ. 46' ಅಂತ ಬರ್ದು ಪಕ್ಕದಲ್ಲಿ ಫೋನ್ ನಂಬರ್ ಥರ ಏನೋ ಅಂಕಿಗಳು. ಹೋಗಿ ನೋಡ್ಕೊಂಡ್ ಬಂದೆ, ಕೊನೇ ಅರ್ಧ ಗಂಟೆ ಎದುರಿಗೆ ಒಂದೇ ಒಂದು ಗಾಡಿ ಬಂತು. ಈ ಆರ್‌ಎಂ ಅಂದ್ರೆ ಏನು, ನೀರು ರೋಡು ಕಸ ಎಲ್ಲ ಯಾರ್ ನೋಡ್ಕೊತಾರೆ? ಹೆಂಡ್ತಿ ಬೇಡ ಅಂತಿದಾಳೆ, ನಂಗೆ ಆಸೆ.

ರೆಜೈನಾ_ರಾಯರು:
ಆರ್‌ಎಂ ಅಂದ್ರೆ ರೂರಲ್ ಮುನಿಸಿಪಾಲಿಟಿ, ಪಂಚಾಯ್ತಿ ಥರ ಅಂತ ಹೇಳ್ಬೋದು ಆದ್ರೆ ಒಂದ್ ಮುಖ್ಯ ವ್ಯತ್ಯಾಸ ಇದೆ. ನಮ್ ಪಂಚಾಯ್ತಿಯಲ್ಲಿ ಮೊದ್ಲು ಊರು, ಊರಿನ ಸುತ್ತ ಜಮೀನು. ಆರ್‌ಎಂ ಹಂಗಲ್ಲ, ಅದು ಜಮೀನಿಗೇ ಇರೋ ಸರ್ಕಾರ, ಊರು ಸಾಮಾನ್ಯವಾಗಿ ಅದರೊಳಗೆ ಬರಲ್ಲ. ಸಣ್ಣ ವಿಲೇಜು, ಟೌನು ಇದ್ರೆ ಅವು ಬೇರೇನೇ ಮುನಿಸಿಪಾಲಿಟಿ, ಉದ್ದಿನ ವಡೆ ಮಧ್ಯೆ ತೂತಿದ್ದಂಗೆ. ನೀವು ಹೇಳ್ತಿರೋ ನಂ. 46ರ ಆಫೀಸೇ ಆ ಆರ್‌ಎಂ ಒಳಗಿಲ್ಲ, ಪಕ್ಕದ ಮ್ಯಾಂಕೋಟ ವಿಲೇಜಲ್ಲಿದೆ!

ಆ ಅಂಕಿ ಫೋನ್ ನಂಬರಲ್ಲ, ಅದೇ ನಿಮ್ಮ ಸರ್ವೆ ನಂಬರು. ಬಹುಪಾಲು ವಲಸಿಗರು ಬರೋಕೆ ಮುಂಚೇನೇ ಇಡೀ ಪ್ರೇರಿನ (ಇಲ್ಲಿನ ಹುಲ್ಲುಗಾವಲು ಬಯಲು) ಚೌಕುಳಿ ಹಾಳೆ ಥರ ಗೆರೆ ಹಾಕಿಟ್ರು. ಒಂದು ಮೈಲಿ ಚೌಕ ಒಂದು ಸೆಕ್ಷನ್, 640 ಎಕ್ರೆ. 36 ಸೆಕ್ಷನ್ ಸೇರಿ ಒಂದು ಟೌನ್‌ಶಿಪ್, ಸಾಮಾನ್ಯವಾಗಿ 9 ಟೌನ್‌ಶಿಪ್ ಸೇರಿ ಒಂದು ಆರ್‌ಎಂ. ಸೆಕ್ಷನ್‌ನ ಕಾಲು ಭಾಗ, 160 ಎಕ್ರೆ, ಅದನ್ನೇ ಕ್ವಾರ್ಟರ್ ಅನ್ನೋದು. 1872ರ ಡೊಮಿನಿಯನ್ ಲ್ಯಾಂಡ್ಸ್ ಆಕ್ಟ್ ಪ್ರಕಾರ 10 ಡಾಲರ್ ಕಟ್ಟಿ, ಅಲ್ಲೇ 3 ವರ್ಷ ಇದ್ದು ಉತ್ತು ತೋರಿಸಿದ್ರೆ ಆಗ ಕ್ವಾರ್ಟರ್ ನಿಮ್ದಾಗ್ತಿತ್ತು. ಈಗ್ಲೂ ರೈತರು 'ಎಷ್ಟು ಎಕ್ರೆ' ಅನ್ನಲ್ಲ, 'ಎಷ್ಟು ಕ್ವಾರ್ಟರ್' ಅಂತಾರೆ. ಆರ್‌ಎಂ ನಂಬರೂ ಹಂಗೇ, ಪ್ರಾಂತ್ಯದ ಆಗ್ನೇಯ ಮೂಲೆಯಲ್ಲಿ 1 ಅಂತ ಶುರುವಾಗಿ ಪಶ್ಚಿಮಕ್ಕೆ ಹೋಗುತ್ತೆ, ಒಂದು ಸಾಲು ಮೇಲೆ ಹೋದ್ರೆ 30 ಜಾಸ್ತಿ. 46ರ ಉತ್ತರಕ್ಕೆ 76. ಒಟ್ಟು 296 ಇವೆ.

ನಂ. 46ರಲ್ಲಿ 2016ರ ಸೆನ್ಸಸ್ ಪ್ರಕಾರ 72 ಜನ. ವಿಸ್ತೀರ್ಣ ಸುಮಾರು 848 ಚದರ ಕಿಲೋಮೀಟರ್, ಅಂದ್ರೆ ಹಿಂದಿನ ಬಿಬಿಎಂಪಿ ಬೆಂಗಳೂರಿಗಿಂತ ದೊಡ್ಡದು. ಬೆಳಿಗ್ಗೆ ಮೆಜೆಸ್ಟಿಕ್‌ಗೆ ಹೋಗೋ ಒಂದು ಬಸ್ಸಲ್ಲೇ ಇದಕ್ಕಿಂತ ಜಾಸ್ತಿ ಜನ ನೇತಾಡ್ತಿರ್ತಾರೆ.

ಎರೆಹೊಲ_ಗದಗ:
ಏನ್ರೀ ರಾಯರ, ಲೆಕ್ಕಾ ಎಲ್ಲಾ ಹೇಳಿದ್ರಿ, ರೋಡ್ ಬಗ್ಗೆ ಹೇಳ್ಲೇ ಇಲ್ಲ. ನಾ ಇಲ್ಲಿ ಗ್ರೇನ್ ಎಲಿವೇಟರ್‌ನ್ಯಾಗ (ಕಾಳು ತುಂಬಿಡೂ ಎತ್ತರದ ಗೋದಾಮು) ಕೆಲಸಾ ಮಾಡ್ತೀನಿ, ದಿನಾ ರೈತರ ಜೋಡಿನ ಮಾತು. ಆರ್‌ಎಂ ಅಂದ್ರ ಅವರಿಗೆ ಮೊದ್ಲ ರೋಡ್ ಸಪಾಟ ಮಾಡೂ ಮಷೀನ್, ರೋಡ್ ಗ್ರೇಡರ್ ರೀ, ಆಮ್ಯಾಲ ಉಳಿದದ್ದು. ಗ್ರಾವೆಲ್ ಹಾಕೂದು, ಚಳಿಗಾಲದಾಗ ಹಿಮ ತಗಿಯೂದು, ಮೋರಿ ಕಲ್ವರ್ಟ್ ನೋಡೂದು, ಇದಕ್ಕ ರೊಕ್ಕ ಹೋಗ್ತದ. ಆದ್ರ ಗೆರಿ ಇದ್ದಲ್ಲೆಲ್ಲಾ ರೋಡ್ ಇರೂದಿಲ್ಲ, ಮ್ಯಾಪಿನ್ಯಾಗ ಕಾಣಸ್ತೈತಿ, ಹೋಗಿ ನೋಡಿದ್ರ ಬರೇ ಹುಲ್ಲು. ಗ್ರಾವೆಲ್ ಇಲ್ಲದ ಮಣ್ಣಿನ ರೋಡಿಗೆ ಮಳಿ ಬಿತ್ತಂದ್ರ ಮುಗೀತು, ಗಂಬೋ ಅಂತಾರ ಇಲ್ಲಿ, ನಮ್ಮ ಎರಿ ಮಣ್ಣಿನ ಅಣ್ಣ ಅದು, ಗಾಲಿಗೆ ಹತ್ತಿದ್ರ ಬಿಡೂದಿಲ್ಲ. ಮನಿ ಮುಂದಿಂದು ಗ್ರಾವೆಲ್ ಗ್ರಿಡ್ ರೋಡ್ ಹೌದೋ ಅಲ್ಲೋ ಕೇಳ್ರಿ ಮೊದ್ಲ.

ಮತ್ತ ನಳದ ನೀರು ಇಲ್ರಿ. ಬಾವಿ, ಇಲ್ಲಾಂದ್ರ ಡಗೌಟ್. ಡಗೌಟ್ ಅಂದ್ರ ನಮ್ಮ ಕೃಷಿ ಹೊಂಡನ, ಹಿಮ ಕರಗಿದ ನೀರು ನಿಂದರಸೂದು. ಕುಡಿಯೋ ನೀರು ಟೆಸ್ಟ್ ಮಾಡಸ್ರಿ. ಒಂದು ಖುಷಿ ಸಂಗತಿ, ಎದುರಿಗೆ ಗಾಡಿ ಬಂದ್ರ ಸ್ಟಿಯರಿಂಗ್ ಮ್ಯಾಲಿಂದ ಒಂದ ಬೆರಳು ಎತ್ತರಿ, ಅದ ಇಲ್ಲಿ 'ಆರಾಮ್ರೀ?'

ಹಾಸನದ_ಹೈದ:
ಅಯ್ಯೋ ಆ ಒಂದು ಗಾಡಿಯವ್ನು ಬೆರಳೆತ್ತಿದ, ಏನೋ ಬೈದ ಅಂದ್ಕೊಂಡಿದ್ದೆ ನಾನು 😂 ಆದ್ರೆ 72 ಜನರ ಟ್ಯಾಕ್ಸಲ್ಲಿ ಇಷ್ಟೆಲ್ಲ ರೋಡ್ ಹೆಂಗೆ ನಡೆಯುತ್ತೆ?

ಕ್ವಾರ್ಟರ್_ಕಮಲಮ್ಮ:
ನಾವು ಬೇರೆ ಆರ್‌ಎಂನಲ್ಲಿ 6 ವರ್ಷದಿಂದ ಇದೀವಿ. ಟ್ಯಾಕ್ಸ್ ತಲೆ ಲೆಕ್ಕ ಅಲ್ಲ ಕಣ್ರೀ, ಜಮೀನಿನ ಬೆಲೆ ಕಟ್ಟಿ ಅದ್ರ ಮೇಲೆ ಮಿಲ್ ರೇಟ್ (ಸಾವಿರ ಡಾಲರ್ ಬೆಲೆಗೆ ಇಷ್ಟು ಅಂತ ದರ) ಹಾಕ್ತಾರೆ. ಜನ ಹೋದ್ರೂ ಜಮೀನು ಎಲ್ಲಿಗೂ ಹೋಗಲ್ವಲ್ಲ. ವೋಟೂ ಹಂಗೇ, ಆರ್‌ಎಂನಲ್ಲಿ ಜಮೀನಿದ್ದು ಪ್ರಾಂತ್ಯದ ಬೇರೆ ಊರಲ್ಲಿದ್ರೂ, ಕೆನಡಾ ಸಿಟಿಜನ್ ಆಗಿದ್ರೆ ಅಲ್ಲಿ ವೋಟ್ ಹಾಕ್ಬೋದು. ಅಧ್ಯಕ್ಷರಿಗೆ ರೀವ್ ಅಂತಾರೆ, ಜೊತೆಗೆ ಡಿವಿಷನ್‌ಗೊಬ್ಬ ಕೌನ್ಸಿಲರು. ನಮ್ ಕೌನ್ಸಿಲರ್ ಮೀಟಿಂಗ್‌ಗೆ ಬರೋದೇ ಕಂಬೈನ್ (ಕಟಾವಿನ ಮೆಷೀನ್) ಇಳಿದು ಬಂದ ಬಟ್ಟೇಲಿ.

ಜನ ಯಾಕೆ ಕಮ್ಮಿ ಅಂದ್ರೆ ಜಮೀನು ಬಿಟ್ಟು ಬಿದ್ದಿದೆ ಅಂತಲ್ಲ. 1936ರಲ್ಲಿ ಈ ಪ್ರಾಂತ್ಯದಲ್ಲಿ 1,42,000 ಮೇಲೆ ಫಾರ್ಮ್ ಇದ್ವು, 2021ಕ್ಕೆ ಸುಮಾರು 34,000, ಸರಾಸರಿ ಒಂದೊಂದು 1,700 ಎಕ್ರೆ ದಾಟತ್ತೆ. ಮೆಷೀನ್ ದೊಡ್ಡದಾಯ್ತು, ಒಬ್ಬರ ಹೊಲ ಇನ್ನೊಬ್ರು ತಗೊಂಡ್ರು, ಸ್ಕೂಲ್ ಹೋಯ್ತು, ರೈಲ್ವೆ ಬ್ರ್ಯಾಂಚ್ ಲೈನ್ ಕಿತ್ರು, ಮರದ ಎಲಿವೇಟರ್ ಕೆಡವಿದ್ರು. ನಮ್ ಮನೆ ಸುತ್ತ ಸಾಲಾಗಿ ಮರ ಇವೆ, ಪಕ್ಕದ ಕ್ವಾರ್ಟರ್‌ನಲ್ಲೂ ಅಂಥದೇ ಸಾಲು ಇದೆ ಆದ್ರೆ ಮಧ್ಯೆ ಮನೆ ಇಲ್ಲ. ಬಯಲಲ್ಲಿ ಹಂಗೆ ಚೌಕಾಕಾರದಲ್ಲಿ ಮರ ಕಂಡ್ರೆ ಅಲ್ಲೊಂದು ಸಂಸಾರ ಇತ್ತು ಅಂತ. ಮೊದಲ ವರ್ಷ ಗೊತ್ತಾಗ್ತಿರ್ಲಿಲ್ಲ, ಈಗ ಡ್ರೈವ್ ಮಾಡ್ವಾಗೆಲ್ಲ ಎಣಿಸೋದೇ ಅಭ್ಯಾಸ ಆಗ್ಬಿಟ್ಟಿದೆ. ಮ್ಯಾನಿಟೋಬದಲ್ಲಿ 1000ಕ್ಕಿಂತ ಕಮ್ಮಿ ಜನ ಇದ್ದ ಮುನಿಸಿಪಾಲಿಟಿಗಳನ್ನ 2015ಕ್ಕೆ ಒಂದಕ್ಕೊಂದು ಸೇರಿಸಿದ್ರು, ಇಲ್ಲಿ ಆ ಮಾತೆತ್ತಿದ್ರೆ ಕಾಫಿ ತಣ್ಣಗಾಗೋವರ್ಗೂ ಜಗಳ.

ನಿಮ್ ಹೆಂಡ್ತಿ ಯಾಕೆ ಬೇಡ ಅಂತಿದಾರೆ ಅದನ್ನ ಕೇಳಿ ಮೊದ್ಲು. ನಂಗೆ ಜನವರಿ ಕಷ್ಟ ಆಯ್ತು, ಮೈನಸ್ 40, ಕಾರ್ ಎಂಜಿನ್‌ಗೂ ಕರೆಂಟ್ ಪ್ಲಗ್ ಹಾಕ್ಬೇಕು, ಇವ್ರು ಕೆಲ್ಸಕ್ಕೆ ಹೋದ್ರೆ ಸಂಜೆವರ್ಗೂ ಗಾಳಿ ಬಿಟ್ರೆ ಬೇರೆ ಸದ್ದಿಲ್ಲ. ಒಗ್ಗರಣೆ ಸದ್ದಿಗೇ ಖುಷಿ ಆಗ್ತಿತ್ತು. ಆದ್ರೆ ಪಕ್ಕದ ಹೊಲದಲ್ಲಿ ಬೆಳೆದಿದ್ದು ಮಸೂರ್ ಬೇಳೆ, ಆ ಮನೆ ಅಜ್ಜಿ ಒಂದು ಬಕೆಟ್ ತುಂಬಾ ಕೊಟ್ರು, ಅದು ಇಂಡಿಯಾಗೇ ಜಾಸ್ತಿ ಹೋಗೋದಂತೆ, ನಾನು ಸಾರು ಮಾಡಿ ವಾಪಸ್ ಕೊಟ್ಟೆ, ಹಂಗೇ ಪರಿಚಯ.

ರೆಜೈನಾ_ರಾಯರು:
ಇನ್ನೊಂದು, ಪಿಆರ್ ಇರೋದ್ರಿಂದ ತೊಂದ್ರೆ ಇಲ್ಲ. ಪಿಆರ್ ಇಲ್ದೆ ಹೊರಗಿನವ್ರು ಇಲ್ಲಿ 10 ಎಕ್ರೆಗಿಂತ ಜಾಸ್ತಿ ಕೃಷಿ ಭೂಮಿ ಇಟ್ಕೊಳಕ್ಕಾಗಲ್ಲ. ಆದ್ರೆ ಆರ್‌ಎಂ ಆಫೀಸಿಂದ ಟ್ಯಾಕ್ಸ್ ಬಾಕಿ ಇಲ್ಲ ಅಂತ ಸರ್ಟಿಫಿಕೇಟ್ ತಗೊಳ್ಳಿ.

ಹಾಸನದ_ಹೈದ:
ಥ್ಯಾಂಕ್ಸ್ ಎಲ್ರಿಗೂ. ಕಮಲಮ್ಮ ಅವ್ರ ರಿಪ್ಲೈ ಹೆಂಡ್ತಿಗೆ ಓದಿ ಹೇಳ್ದೆ, ಜನವರಿ ಕಥೆ ಕೇಳಿ 'ನೋಡಿದ್ರಾ' ಅಂದ್ಲು, ಬೇಳೆ ವಿಷ್ಯ ಬಂದಾಗ ಸುಮ್ನಾದ್ಲು. ಭಾನುವಾರ ಇಬ್ರೂ ಹೋಗ್ತಿದೀವಿ, ರೋಡ್ ಗ್ರಾವೆಲ್ಲೋ ಗಂಬೋನೋ ನೋಡ್ಕೊಂಡ್ ಬಂದು ಹೇಳ್ತೀನಿ.