25 ಸಾವಿರದ ಹೈಬ್ರಿಡ್ ಸೈಕಲ್: ಡಿಸ್ಕ್ ಬ್ರೇಕ್ ಬೇಕಾ, ಒಳ್ಳೆ ಹಬ್ ಬೇಕಾ?

ನವನಗರದವ:
ನವನಗರದಿಂದ ಧಾರವಾಡಕ್ಕೆ ದಿನಾ ಸೈಕಲ್ ಮೇಲೆ ಕೆಲಸಕ್ಕೆ ಹೋಗಬೇಕು ಅಂತ ಮನಸ್ಸು ಮಾಡಿದ್ದೇನೆ. ಹೋಗಿ ಬರುವುದು ಸೇರಿ ಸುಮಾರು 25 ಕಿ.ಮೀ. ಕೈಯಲ್ಲಿ ಇರುವುದು 25 ಸಾವಿರ, ಅಷ್ಟೇ. ಎರಡು ಸೈಕಲ್ ನೋಡಿ ಬಂದೆ. ಒಂದಕ್ಕೆ ಮುಂದೆ ಸಸ್ಪೆನ್ಷನ್, ವೈರ್ ಎಳೆಯುವ ಡಿಸ್ಕ್ ಬ್ರೇಕ್, 21 ಗೇರ್, 24 ಸಾವಿರ. ಇನ್ನೊಂದಕ್ಕೆ ಸಾದಾ ಫೋರ್ಕ್, ರಬ್ಬರ್ ಪ್ಯಾಡಿನಿಂದ ರಿಮ್ ಹಿಡಿಯುವ ವಿ-ಬ್ರೇಕ್, 24 ಗೇರ್, 21,500. ಅಂಗಡಿಯವರು ಮೊದಲನೆಯದನ್ನೇ ತಗೊಳ್ಳಿ ಅಂತಾರೆ.

ಉಣಕಲ್ ಸವಾರ:
ಕಣ್ಣು ಮುಚ್ಚಿ ಎರಡನೆಯದು. ಈ ಬೆಲೆಯ ಸಸ್ಪೆನ್ಷನ್ ಅಂದರೆ ಒಳಗೆ ಬರೀ ಸ್ಪ್ರಿಂಗು. ಏರು ಬಂದಾಗ ಎದ್ದು ನಿಂತು ತುಳಿದರೆ ನಿಮ್ಮ ಅರ್ಧ ಶಕ್ತಿ ಅದನ್ನು ಕುಣಿಸುವುದಕ್ಕೇ ಹೋಗುತ್ತದೆ. ಮೇಲೆ ಒಂದು ಕೆ.ಜಿ.ಗಿಂತ ಜಾಸ್ತಿ ಭಾರ. ರಸ್ತೆಯ ಗುಂಡಿಗೆ 38 ಎಂಎಂ ಅಗಲದ ಟಯರ್ ಸಾಕು. 50-60 ಪಿಎಸ್‌ಐ ಗಾಳಿ ಇಡಿ, ಕಲ್ಲಿನ ಹಾಗೆ ಗಟ್ಟಿ ಮಾಡಬೇಡಿ. ಉಳಿದ ಮೂರೂವರೆ ಸಾವಿರದಲ್ಲಿ ಹೆಲ್ಮೆಟ್, ಲೈಟು, ಬೀಗ, ಪಂಪು, ಮಡ್‌ಗಾರ್ಡ್ ಬರಬೇಕಲ್ವಾ?

ಸಪ್ತಾಪುರ:
ಸಸ್ಪೆನ್ಷನ್ ಮಾತು ಒಪ್ಪಿದೆ, ಬ್ರೇಕಿನ ಮಾತು ಒಪ್ಪಲ್ಲ. ಧಾರವಾಡದ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಹೋದ ಮಳೆಗಾಲದಲ್ಲಿ ಯುನಿವರ್ಸಿಟಿ ಗುಡ್ಡ ಇಳಿಯುವಾಗ ವಿ-ಬ್ರೇಕ್ ಹಿಡಿದೆ, ಮೊದಲ ಒಂದೆರಡು ಸುತ್ತು ಚಕ್ರಕ್ಕೆ ಏನೂ ಗೊತ್ತೇ ಆಗಲಿಲ್ಲ. ಆಮೇಲೆ ಕರಕರ ಸದ್ದು. ಮನೆಗೆ ಬಂದು ಪ್ಯಾಡ್ ಬಿಚ್ಚಿದರೆ ರಬ್ಬರಿನೊಳಗೆ ಸಾಸಿವೆ ಕಾಳಿನಷ್ಟು ಕಲ್ಲು, ಅಲ್ಯುಮಿನಿಯಂ ಚೂರು. ರಿಮ್ ಮೇಲೆ ಉದ್ದಕ್ಕೂ ಗೀರು. ರಾಡಿಯಲ್ಲಿ ಡಿಸ್ಕ್‌ಗೆ ಈ ಕಾಟ ಕಡಿಮೆ.

ಉಣಕಲ್ ಸವಾರ:
ಕಾಟ ಇದೆ, ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಪಿನ್ನಿನಿಂದ ಆ ಕಲ್ಲು ಕಿತ್ತು, ರಿಮ್ ಒರೆಸಿದರೆ ಮುಗಿಯಿತು. ಅಗ್ಗದ ಡಿಸ್ಕ್‌ಗೂ ಆರೈಕೆ ಬೇಕು. ಪ್ಯಾಡ್ ಸವೆದಂತೆ ವೈರ್ ಬಿಗಿ ಮಾಡಬೇಕು, ರೋಟರ್, ಅಂದರೆ ಡಿಸ್ಕಿನ ತಟ್ಟೆ, ಸ್ವಲ್ಪ ಬಾಗಿದರೂ ದಾರಿಯುದ್ದಕ್ಕೂ ಉಜ್ಜುತ್ತದೆ.

ಗದಗಿನ ಗಾಳಿ:
ಇಬ್ಬರೂ ಬ್ರೇಕ್ ಹಿಡಿದೇ ಕೂತಿದ್ದೀರಿ. ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಭಾಗ, ಯಾರೂ ಕೇಳಲಿಲ್ಲ! 21 ಗೇರ್ ಅಂದರೆ ಹಿಂದೆ 7 ಹಲ್ಲುಚಕ್ರ, ಹೆಚ್ಚಾಗಿ ಫ್ರೀವೀಲ್, ಅಂದರೆ ಹಲ್ಲುಚಕ್ರ, ಕಟಕಟ ತಿರುಗುವ ಕೀಲು ಎರಡೂ ಒಂದೇ ಗಡ್ಡೆಯಾಗಿ ಹಬ್‌ಗೆ ತಿರುಪಿನ ಹಾಗೆ ಕೂರುವಂಥದ್ದು. ಅದರಲ್ಲಿ ಬಲಗಡೆಯ ಬೇರಿಂಗ್ ಫ್ರೇಮಿನಿಂದ ದೂರ ಒಳಗೆ ಇರುತ್ತದೆ. ಹೀಗಾಗಿ ಆ ಕಡೆಯ ಆಕ್ಸೆಲ್‌ಗೆ ಆಧಾರ ಕಡಿಮೆ. ಕ್ಯಾಸೆಟ್ ಹಬ್‌ನಲ್ಲಿ ಆ ಕೀಲು ಹಬ್‌ನಲ್ಲೇ ಇರುತ್ತದೆ, ಹಲ್ಲುಚಕ್ರ ಮಾತ್ರ ಅದರ ಮೇಲೆ ಕೂರುತ್ತದೆ; ಬೇರಿಂಗ್ ಅಂಚಿಗೆ ಬರುತ್ತದೆ. ನನ್ನ ಮೊದಲ ಸೈಕಲ್ಲಿನ ಆಕ್ಸೆಲ್ ಎರಡು ಸಲ ಬಾಗಿತು. ಎರಡನೇ ಸಲ ಕಪ್ಪತಗುಡ್ಡದ ದಾರಿಯಲ್ಲಿ, ಎದುರುಗಾಳಿಯಲ್ಲಿ ಸೈಕಲ್ ತಳ್ಳಿಕೊಂಡು ಬಂದೆ.

24 ಗೇರ್ ಇದ್ದಮಾತ್ರಕ್ಕೆ ಕ್ಯಾಸೆಟ್ ಅಂತ ನಂಬಬೇಡಿ, 8 ಹಲ್ಲುಚಕ್ರದ ಫ್ರೀವೀಲೂ ಇವೆ. ಅಂಗಡಿಯಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿ. ಹಲ್ಲುಚಕ್ರದ ನಟ್ಟನಡುವೆ ಪಾನಾ ಕೂರುವ ಗೀರುಗಳಿರುತ್ತವೆ. ಅವೂ ಜೊತೆಗೇ ತಿರುಗಿದರೆ ಕ್ಯಾಸೆಟ್. ನಿಂತೇ ಇದ್ದರೆ ಫ್ರೀವೀಲ್. ಗೇರ್ ಬದಲಿಸುವ ಡಿರೇಲರ್ ಶಿಮಾನೋ ಕಂಪನಿಯ ಟೂರ್ನಿಯೋ ಆಲ್ಟಸೋ ಅನ್ನುವುದು ಆಮೇಲಿನ ಮಾತು. ಡಿರೇಲರ್ ನಾಳೆಯೂ ಬದಲಿಸಬಹುದು.

ಸಪ್ತಾಪುರ:
ಇದು ನನಗೂ ಗೊತ್ತಿರಲಿಲ್ಲ. ಕ್ಯಾಸೆಟ್ ಇದ್ದರೆ ನಾನೂ ಎರಡನೆಯದಕ್ಕೇ ಕೈ ಎತ್ತುತ್ತೇನೆ, ಒಳ್ಳೆ ಪ್ಯಾಡ್ ಹಾಕಿಸುವ ಷರತ್ತಿನ ಮೇಲೆ. ಹಾಗೇ ಬಿಲ್ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ ಶೇ. 5ಕ್ಕೆ ಇಳಿದಿದೆ.

ನವನಗರದವ:
ಇವತ್ತು ಹೋಗಿ ತಿರುಗಿಸಿ ನೋಡಿದೆ. ಎರಡನೆಯದರಲ್ಲಿ ಗೀರುಗಳೂ ಜೊತೆಗೇ ತಿರುಗಿದವು! ಹಿಂದೆ ದೊಡ್ಡ ಚಕ್ರಕ್ಕೆ 34 ಹಲ್ಲು, ಮುಂದೆ ಸಣ್ಣದಕ್ಕೆ 28. ತುಳಿಯಲು ಹಗುರ, ಏರಿಗೆ ಚಿಂತೆ ಇಲ್ಲ. ಆದರೆ ಅಲ್ಲಿ ಇದ್ದದ್ದು ಲಾರ್ಜ್ ಫ್ರೇಮ್. ನನ್ನ ಎತ್ತರ ಐದಡಿ ಆರಿಂಚು. ಕಾಲೂರಿ ನಿಂತರೆ ಮೇಲಿನ ಕೊಳವೆ ತೊಡೆಸಂದಿಗೆ ತಾಗಿತು. ಸೀಟು ಇಳಿಸಿದರೆ ಸರಿಹೋಗುತ್ತದೆ ಅಂದರು.

ಉಣಕಲ್ ಸವಾರ:
ಸೀಟು ಇಳಿಸಿದರೆ ಕೊಳವೆ ಇಳಿಯುತ್ತದಾ? ಮೀಡಿಯಂ ತರಿಸಿ ಅನ್ನಿ.

ನವನಗರದವ:
ಹಾಗೇ ಹೇಳಿ ಬಂದಿದ್ದೇನೆ. ಹತ್ತು ದಿನ ಬೇಕಂತೆ. ಅಷ್ಟರಲ್ಲಿ ಮಡ್‌ಗಾರ್ಡ್, ಹೆಲ್ಮೆಟ್ ತಗೊಂಡಿಡುತ್ತೇನೆ.