ಇನ್‌ಹೇಲರ್ ಸೂಚನೆಯಲ್ಲಿ ‘ಜೋರಾಗಿ ಎಳೆಯಿರಿ’ ಎನ್ನಬಹುದೇ?

ಪ್ರಶ್ನೆ: ಆಸ್ತಮಾ ಇರುವವರಿಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯಬೇಕಿದೆ. ಒತ್ತುವ ಪಂಪು, ರೋಟಾಹೇಲರ್ (ಪುಡಿ ಔಷಧಿಯನ್ನು ಉಸಿರಿನಿಂದ ಎಳೆದುಕೊಳ್ಳುವ ಸಾಧನ) ಎರಡಕ್ಕೂ ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದರೆ ಸಾಕೇ? ‘ಜೋರಾಗಿ’ ಎನ್ನಬೇಕೇ? ರೋಟಾಹೇಲರ್‌ನಲ್ಲಿ ಹಾಕುವ ರೋಟಾಕ್ಯಾಪ್‌ಗೆ ‘ಮಾತ್ರೆ’ ನಡೆಯುತ್ತದೆಯೇ? ಬಲ್ಲವರು ತಿಳಿಸಿ.

ಉತ್ತರ: ಎರಡಕ್ಕೂ ಒಂದೇ ಮಾತು ಸಾಲದು, ಏಕೆಂದರೆ ಬೇಕಾದ ಉಸಿರೇ ಬೇರೆ. ಪಂಪಿನಲ್ಲಿ ಡಬ್ಬಿಯೊಳಗಿನ ಒತ್ತಡವೇ ಔಷಧಿಯನ್ನು ಚಿಮ್ಮಿಸುತ್ತದೆ. ಅದರ ಮೇಲೆ ರೋಗಿಯೂ ರಭಸದಿಂದ ಎಳೆದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಹೀಗೆ ಬರೆಯಿರಿ: ‘ಕುಲುಕಿ. ಉಸಿರು ಪೂರ್ತಿ ಹೊರಬಿಡಿ. ತುಟಿಯಲ್ಲಿ ಬಿಗಿಯಾಗಿ ಹಿಡಿದು, ಎಳೆಯಲು ಶುರುಮಾಡುತ್ತಿದ್ದಂತೆ ಒಮ್ಮೆ ಒತ್ತಿ. 4–5 ಸೆಕೆಂಡು ನಿಧಾನವಾಗಿ ಎಳೆದು, 10 ಸೆಕೆಂಡು ಉಸಿರು ಹಿಡಿಯಿರಿ.’

ರೋಟಾಹೇಲರ್‌ನಲ್ಲಿ ತಳ್ಳುವ ಅನಿಲ ಇಲ್ಲ. ಪುಡಿಯನ್ನು ಬಿಡಿಸಿ ಎಬ್ಬಿಸುವುದು ರೋಗಿಯ ಉಸಿರೇ. ‘ಜೋರಾಗಿ’ ಎಂದರೆ ಸದ್ದು ಮಾಡಬೇಕು ಎಂದುಕೊಳ್ಳುವವರಿದ್ದಾರೆ. ‘ಮೊದಲಿನಿಂದಲೇ ರಭಸವಾಗಿ, ಆಳವಾಗಿ’ ಎನ್ನಿ. ‘ಉಸಿರು ಬಿಡಿ’ ಎಂಬಲ್ಲಿ ‘ಸಾಧನವನ್ನು ಬಾಯಿಂದ ದೂರ ಹಿಡಿದು’ ಎಂದು ಸೇರಿಸಲೇಬೇಕು, ಬಾಯಿಯ ಹಸಿಗೆ ಪುಡಿ ಗಂಟುಕಟ್ಟುತ್ತದೆ.

‘ಮಾತ್ರೆ’ ಖಂಡಿತ ಬೇಡ, ಜನ ನುಂಗಿಬಿಡುತ್ತಾರೆ. ‘ಎಳೆದುಕೊಳ್ಳುವ ಪುಡಿಯ ಕ್ಯಾಪ್ಸೂಲ್, ನುಂಗಬಾರದು’ ಎಂದು ದಪ್ಪಕ್ಷರದಲ್ಲಿ ಹಾಕಿ.

ಯಾರಿಗೆ ಯಾವುದು ಎಂಬುದೂ ಪುಟದಲ್ಲಿರಲಿ. ಒತ್ತುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಹೊಂದಿಸಲಾಗದವರಿಗೆ ಪಂಪಿನ ಜೊತೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ). ಸಣ್ಣ ಮಕ್ಕಳಿಗೆ ಅದಕ್ಕೆ ಮಾಸ್ಕೂ ಬೇಕು. ರಭಸವಾಗಿ ಎಳೆಯುವ ಶಕ್ತಿ ಇಲ್ಲದವರಿಗೆ ಪುಡಿಯ ಸಾಧನ ಹೊಂದದು. ಹಾಗಾಗಿ ಉಬ್ಬಸ ವಿಪರೀತವಾದಾಗಲೂ ಪಂಪು-ಸ್ಪೇಸರೇ ಮೇಲು. ಸ್ಪೇಸರಿಗೆ ಕನ್ನಡ ಪದ ಕಟ್ಟುವ ಉತ್ಸಾಹ ಬೇಡ; ಮೆಡಿಕಲ್ ಸ್ಟೋರಿನಲ್ಲಿ ಕೇಳುವುದು ಆ ಹೆಸರಿನಿಂದಲೇ.

‘2 ಪಫ್’ ಎಂದಷ್ಟೇ ಬರೆದರೆ ಎರಡು ಸಲ ಒತ್ತಿ ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ‘ಒಂದು ಒತ್ತು, ಒಂದು ಉಸಿರು. ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಎರಡನೆಯದು’ ಎಂದು ಬಿಡಿಸಿ ಹೇಳಿ.

ಸ್ಟೀರಾಯ್ಡ್ ಇನ್‌ಹೇಲರ್ ಆದಮೇಲೆ ‘ಬಾಯಿ ತೊಳೆಯಿರಿ’ ಎಂದರೆ ತುಟಿಗೆ ನೀರು ತಾಕಿಸಿ ಬಿಡುತ್ತಾರೆ. ಬೇಕಾದ್ದು ಗಂಟಲವರೆಗೆ ಮುಕ್ಕಳಿಸಿ ಉಗುಳುವುದು. ಇಲ್ಲದಿದ್ದರೆ ದನಿ ಒಡೆಯಬಹುದು, ಬಾಯಲ್ಲಿ ಬಿಳಿ ಪೊರೆಯಂತೆ ಬೂಷ್ಟು ಸೋಂಕು ಕಾಣಿಸಿಕೊಳ್ಳಬಹುದು.