ಬಿಪಿ ಮಷೀನ್ ಒಂದೊಂದ್ ಸಲ ಒಂದೊಂದ್ ನಂಬರ್ ತೋರಿಸ್ತಿದೆ, ನಿಮಗೂ ಹಿಂಗಾಗಿದ್ಯಾ?

ದಾವಣಗೆರೆ ಬೆಣ್ಣೆ: ಅಮ್ಮಂಗೆ 62, ನಾಲ್ಕ್ ವರ್ಷದಿಂದ ಬಿಪಿ ಮಾತ್ರೆ ತಗೋತಾರೆ. ಹೋದ್ವಾರ ಕ್ಲಿನಿಕ್ಕಲ್ಲಿ 158/94 ಬಂತು. ಡೋಸ್ ಜಾಸ್ತಿ ಮಾಡೋಕ್ ಮುಂಚೆ ಒಂದ್ ವಾರ ಮನೇಲಿ ನೋಡಿ ಬರ್ಕೊಂಡ್ ಬನ್ನಿ ಅಂದ್ರು ಡಾಕ್ಟ್ರು. ಹೊಸ ಮಷೀನ್ ತಂದೆ, ಹತ್ತೇ ನಿಮಿಷದಲ್ಲಿ ಮೇಲಿನ ನಂಬರ್ 152, 139, 145! ಮಷೀನೇ ಸರಿ ಇಲ್ವಾ?

ಮಲ್ನಾಡ್ ಹುಡ್ಗಿ: ವಾಪಸ್ ಕೊಡ್ಬೇಡಿ ಅಕ್ಕ, ಅಷ್ಟ್ ಏರಿಳಿತ ಇದ್ದೇ ಇರತ್ತೆ. ನಮ್ಮಪ್ಪಂದು ಮೂರ್ ವರ್ಷದಿಂದ ನಾನೇ ನೋಡೋದು. ಶುರುನಲ್ಲಿ ಅಪ್ಪ ಕಾಫಿ ಕುಡ್ದು ಲೋಟ ಕೆಳಗಿಡೋಕ್ ಮುಂಚೆನೇ ಕಾಲ್ ಮೇಲ್ ಕಾಲ್ ಹಾಕ್ಕೊಂಡು "ನೋಡೇ ಎಷ್ಟಿದೆ" ಅಂತ ಕೈ ಚಾಚೋರು, ಶರ್ಟ್ ಮೇಲೇ ಪಟ್ಟಿ ಸುತ್ತೋದು, ಅದು ಊದ್ತಿರುವಾಗ್ಲೇ ಪಕ್ಕದ ತೋಟದವ್ರು ಬೇಲಿ ಒತ್ತಿದ ಕಥೆ ಶುರು ಮಾಡೋರು, ಇನ್ನ 160 ಬರ್ದೇ ಏನ್ ಬರತ್ತೆ ಹೇಳಿ. ಈಗ ಕಾಫಿ ಆಗಿ ಅರ್ಧ ಗಂಟೆ ಬಿಡ್ತೀನಿ. ಬಾತ್ರೂಮಿಗೆ ಹೋಗ್ ಬಂದು, ಬೆನ್ನಿಗೆ ಒರಗು ಇರೋ ಕುರ್ಚೀಲಿ, ಪಾದ ಎರಡೂ ನೆಲಕ್ಕೂರಿ ಐದ್ ನಿಮಿಷ ಸುಮ್ನೆ ಕೂರ್ಬೇಕು. ಕೈ ಟೇಬಲ್ ಮೇಲೆ, ಪಟ್ಟಿ ಎದೆ ಮಟ್ಟಕ್ಕೆ, ಬರೀ ತೋಳಿನ ಮೇಲೆ. ಮಾತಿಲ್ಲ. (ಅಪ್ಪಂಗೆ ಇದೇ ಕಷ್ಟ.) ಇಷ್ಟ್ ಮಾಡಿದ್ಮೇಲೆ 130ರ ಆಸುಪಾಸಲ್ಲೇ ಬರ್ತಿದೆ.

ಹಾಂ, ಅಮ್ಮನ ತೋಳು ದಪ್ಪನಾ? ಪಟ್ಟಿ ಚಿಕ್ಕದಾದ್ರೆ ನಂಬರ್ ಸುಳ್ ಸುಳ್ಳೇ ಜಾಸ್ತಿ ಬರತ್ತೆ. ಟೈಲರ್ ಟೇಪಲ್ಲಿ ತೋಳಿನ ಮಧ್ಯ ಅಳೆದ್ ನೋಡಿ.

ರಿಟೈರ್ಡ್ ಮೇಷ್ಟ್ರು: ನಂಬರ್ ಕಂಡು ಗಾಬರಿ, ಗಾಬರಿಗೆ ಮತ್ತೆ ನಂಬರ್ ಜಾಸ್ತಿ, ಒಂದ್ ರಾತ್ರಿ ನಾನು ಹನ್ನೊಂದ್ ಸಲ ನೋಡ್ಕೊಂಡಿದೀನಮ್ಮ, ಕೊನೆಗೆ ಮನೆಯವ್ಳು ಮಷೀನ್ ಬೀರೂಲಿಟ್ಟು ಬೀಗ ಹಾಕಿದ್ಲು. ಬೆಳಗ್ಗೆ ಎರಡ್ ಸಲ, ಸಂಜೆ ಎರಡ್ ಸಲ, ಮಧ್ಯೆ ಒಂದ್ ನಿಮಿಷ ಗ್ಯಾಪ್, ಏಳ್ ದಿನ. ಮೊದಲ್ನೇ ದಿನದ್ದು ಬಿಟ್ಟು ಉಳಿದಿದ್ದರ ಸರಾಸರಿ ನೋಡಿ ಅಂದಿದ್ರು ನಮ್ ಡಾಕ್ಟ್ರು. ಕ್ಲಿನಿಕ್ಕಲ್ಲಿ 140/90 ಗೆರೆ ಆದ್ರೆ ಮನೇಲಿ 135/85. ಕಮ್ಮಿ ಬಂದಿದ್ದನ್ನ ಮಾತ್ರ ಬರ್ಯೋದು ಬೇಡ, ನಾನೂ ಹಂಗ್ ಮಾಡಿ ಬೈಸ್ಕೊಂಡಿದೀನಿ.

ದಾವಣಗೆರೆ ಬೆಣ್ಣೆ: ಬೆಳಗ್ಗೆ ಮಾತ್ರೆಗೆ ಮುಂಚೆನಾ, ಆಮೇಲಾ?

ನೈಟ್ ಡ್ಯೂಟಿ ಸಿಸ್ಟರ್: ಮುಂಚೆ, ತಿಂಡಿಗೂ ಮುಂಚೆ. ಮೊದಲ್ನೇ ದಿನ ಎರಡೂ ಕೈ ನೋಡಿ, ಜಾಸ್ತಿ ಬರೋ ಕೈಯಲ್ಲೇ ಮುಂದುವರ್ಸಿ. ನಂಬರ್ ನಾರ್ಮಲ್ ಬಂತು ಅಂತ ಮಾತ್ರೆ ನೀವೇ ನಿಲ್ಲಿಸ್ಬೇಡಿ, ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿರೋದು. 180/120 ದಾಟಿದ್ರೆ ಸ್ವಲ್ಪ ಹೊತ್ತು ಕೂತು ಮತ್ತೆ ನೋಡಿ, ಆಗ್ಲೂ ಅಷ್ಟೇ ಇದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಸಿರಾಟದ ತೊಂದ್ರೆ, ಮಾತು ತೊದಲೋದು, ಒಂದ್ ಕಡೆ ಕೈಕಾಲು ಬಲ ಹೋಗೋದು ಏನಾದ್ರೂ ಇದ್ರೆ ಇನ್ನೊಂದ್ ಸಲ ನೋಡ್ತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ.

ದಾವಣಗೆರೆ ಬೆಣ್ಣೆ: ಈಗ್ ತಾನೇ ಅಳೆದೆ, ಅಮ್ಮನ ತೋಳು 35 ಸೆಂಮೀ. ಪಟ್ಟಿ ಮೇಲೆ 22–32 ಅಂತ ಬರ್ದಿದೆ! ನಾಳೆ ದೊಡ್ಡ ಪಟ್ಟಿ ತರ್ತೀನಿ, ಇವತ್ತು ಬರ್ದಿದ್ದ ಹಾಳೆ ಹರಿದ್ ಹಾಕ್ದೆ.